ಎದ್ದು ಬಂದವನ ಕೈಯಲ್ಲಿ ಗಾಯ ಹಾಗೇ ಇತ್ತು

ಪ್ರತಿ ವರ್ಷ ಗುಡ್ ಫ್ರೈಡೇ ಬೆಳಿಗ್ಗೆ ನನ್ನ ಮೊಬೈಲಿಗೆ ‘ಹ್ಯಾಪಿ ಗುಡ್ ಫ್ರೈಡೇ’ ಅಂತ ನಾಲ್ಕಾರು ಮೆಸೇಜು ಬಂದೇ ಬರುತ್ತವೆ. ಕಳಿಸಿದವರ ಪ್ರೀತಿಯ ಬಗ್ಗೆ ತಕರಾರಿಲ್ಲ. ಹೆಸರಲ್ಲೇ ‘ಗುಡ್’ ಅಂತಿರುವಾಗ ಅದು ಒಬ್ಬನನ್ನು ಶಿಲುಬೆಗೆ ಜಡಿದು ಕೊಂದ ದಿನ ಅಂತ ಅವರಿಗಾದರೂ ಹೇಗೆ ಗೊತ್ತಾಗಬೇಕು? ಅದಾಗಿ ಎರಡು ದಿನಕ್ಕೆ ಬರುವ ಈಸ್ಟರ್ ದಿನ ಮಾತ್ರ ಮೊಬೈಲು ತಣ್ಣಗಿರುತ್ತದೆ. ಹೇಗೂ ಭಾನುವಾರ, ಪ್ರತ್ಯೇಕ ರಜೆಯೂ ಇಲ್ಲ. ಹಬ್ಬ ಬಂದದ್ದೂ ಹೋದದ್ದೂ ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ.

ಕ್ರಿಸ್‌ಮಸ್ಸಿಗಾದರೆ ನಕ್ಷತ್ರ ಇದೆ, ಗೋದಲಿ ಇದೆ, ಕೇಕ್ ಇದೆ, ಕೆಂಪು ಟೋಪಿಯ ತಾತ ಇದ್ದಾನೆ. ಈಸ್ಟರಿಗೆ ತೋರಿಸೋಕೆ ಏನಿದೆ? ಬೆಂಗಳೂರಿನ ಕೆಲವು ಬೇಕರಿಗಳಲ್ಲಿ ಸಕ್ಕರೆ ಹೂವಿನ ಅಲಂಕಾರದ ಮೊಟ್ಟೆ ಸಿಗುತ್ತೆ, ಅಷ್ಟೇ. ಆದರೆ ಕ್ರೈಸ್ತರಿಗೆ ಎಲ್ಲಕ್ಕಿಂತ ದೊಡ್ಡ ಹಬ್ಬ ಇದೇ. ಮಾರ್ಕನ ಶುಭಸಂದೇಶದಲ್ಲಿ ಯೇಸು ಹುಟ್ಟಿದ ಕಥೆಯೇ ಇಲ್ಲ. ಯೊವಾನ್ನ ಬರೆದದ್ದರಲ್ಲೂ ಗೋದಲಿ, ಕುರುಬರು, ಜ್ಯೋತಿಷಿಗಳು ಯಾರೂ ಬರುವುದಿಲ್ಲ. ಆದರೆ ಖಾಲಿ ಸಮಾಧಿಯ ಕಥೆ ನಾಲ್ಕೂ ಶುಭಸಂದೇಶಗಳಲ್ಲಿ ಇದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಒಳ್ಳೆಯ ಮಾತು ಹೇಳಿ ಅನ್ಯಾಯವಾಗಿ ಸತ್ತುಹೋದ ಒಬ್ಬ ಗಲಿಲೇಯದ ಬಡಗಿಯ ಕಥೆ.

ಇಷ್ಟು ದೊಡ್ಡ ಹಬ್ಬವನ್ನು ನಮ್ಮ ಪ್ರಸಂಗಗಳು ತುಂಬಾ ಚಿಕ್ಕದು ಮಾಡಿಬಿಟ್ಟಿವೆ ಅಂತ ಕೆಲವು ವರ್ಷಗಳಿಂದ ನನಗೆ ಅನ್ನಿಸುತ್ತಿದೆ. ಅದನ್ನೇ ಹೇಳೋಣ ಅಂತ ಕೂತಿದ್ದೇನೆ. ಕ್ರೈಸ್ತರಲ್ಲದ ಗೆಳೆಯರೂ ಓದುತ್ತೀರಿ, ಹಾಗಾಗಿ ಒಂದೆರಡು ಮೂಲಪಾಠಗಳನ್ನು ಮೊದಲು ಮುಗಿಸಿಬಿಡುತ್ತೇನೆ.

ಈಸ್ಟರ್ ಯಾಕೆ ಪ್ರತಿ ವರ್ಷ ತಾರೀಕು ಬದಲಿಸುತ್ತೆ ಅಂತ ಬಹಳ ಜನ ಕೇಳುತ್ತಾರೆ. ಉತ್ತರ ಸುಲಭ, ನಮ್ಮ ಹಬ್ಬಗಳ ಹಾಗೆ ಅದಕ್ಕೂ ಚಂದ್ರನ ಲೆಕ್ಕ ಇದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಹುಣ್ಣಿಮೆ ಭಾನುವಾರವೇ ಬಿದ್ದರೆ ಅದರ ಮುಂದಿನ ಭಾನುವಾರ. ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕು ಅಂತ ತೀರ್ಮಾನವಾದದ್ದು ಕ್ರಿ.ಶ. 325ರ ನೈಸಿಯಾ ಮಹಾಸಭೆಯಲ್ಲಿ. ಈ ಲೆಕ್ಕದಲ್ಲಿ ಹಬ್ಬ ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಹಳೆಯ ಜೂಲಿಯನ್ ಕ್ಯಾಲೆಂಡರಿನಂತೆ ಎಣಿಸುವುದರಿಂದ ಅವರ ಈಸ್ಟರ್ ಸಾಮಾನ್ಯವಾಗಿ ಬೇರೆ ದಿನ. 2025ರಲ್ಲಿ ಮಾತ್ರ ಇಬ್ಬರದೂ ಏಪ್ರಿಲ್ 20ಕ್ಕೇ ಬಿತ್ತು.

ಹುಣ್ಣಿಮೆ ಯಾಕೆ ಬಂತು ಅಂದರೆ ಯೇಸು ಸತ್ತದ್ದು ಯೆಹೂದ್ಯರ ಪಾಸ್ಖ ಹಬ್ಬದ ಹೊತ್ತಿಗೆ. ಆ ಹಬ್ಬ ಬರುವುದು ಅವರ ನೀಸಾನ್ ತಿಂಗಳ ಹುಣ್ಣಿಮೆಗೆ. ‘ಈಸ್ಟರ್’ ಅನ್ನುವ ಹೆಸರು ಇಂಗ್ಲಿಷಿನವರದು. ಅದು ಏಯಾಸ್ಟ್ರೆ ಎಂಬ ದೇವತೆಯ ಹೆಸರಿನ ತಿಂಗಳಿನಿಂದ ಬಂತು ಅಂತ ಎಂಟನೇ ಶತಮಾನದ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಇದು ಈಗಲೂ ಪಾಸ್ಖವೇ. ನಮ್ಮ ಕನ್ನಡ ಪೂಜಾವಿಧಿಯಲ್ಲೂ ಪಾಸ್ಖ ಹಬ್ಬ. ಆ ಹೆಸರು ಮರೆಯಬಾರದು ಅಂತ ನನ್ನ ಆಸೆ, ಯಾಕೆಂದರೆ ಪಾಸ್ಖ ಅಂದರೆ ಈಜಿಪ್ಟಿನಲ್ಲಿ ಜೀತಕ್ಕಿದ್ದ ಜನ ಬಿಡುಗಡೆಯಾಗಿ ಹೊರಟ ರಾತ್ರಿಯ ನೆನಪು. ಹಬ್ಬದ ಬೇರು ಅಲ್ಲಿದೆ, ಮೊಲ ಮತ್ತು ಮೊಟ್ಟೆಗಳಲ್ಲಿ ಅಲ್ಲ.

ಇನ್ನು ‘ಪುನರುತ್ಥಾನ’ ಅನ್ನುವ ಪದ. ಕನ್ನಡದಲ್ಲಿ ಇದು ಬಾಯಿ ತುಂಬುವ ಪದವೇ ಹೊರತು ತಲೆಗೆ ಹೋಗುವ ಪದವಲ್ಲ. ಬಹಳ ಜನ ಇದನ್ನು ಪುನರ್ಜನ್ಮ ಅಂದುಕೊಳ್ಳುತ್ತಾರೆ. ಅದಲ್ಲ. ಪುನರ್ಜನ್ಮದಲ್ಲಿ ಆತ್ಮ ಹಳೆಯ ದೇಹ ಬಿಟ್ಟು ಹೊಸದಕ್ಕೆ ಹೋಗುತ್ತೆ, ಇಲ್ಲಿ ದೇಹವೇ ಮುಖ್ಯ. ಆತ್ಮಕ್ಕೆ ಸಾವಿಲ್ಲ ಅನ್ನುವ ಮಾತೂ ಅಲ್ಲ. ಸತ್ತವನು ಮತ್ತೆ ಮಾಮೂಲಿ ಬದುಕಿಗೆ ವಾಪಸ್ ಬರುವುದೂ ಅಲ್ಲ. ಯೇಸು ಲಾಜರನನ್ನು ಸಮಾಧಿಯಿಂದ ಎಬ್ಬಿಸಿದ ಕಥೆ ಯೊವಾನ್ನನಲ್ಲಿದೆ. ಆದರೆ ಲಾಜರ ಮತ್ತೆ ಸಾಯಬೇಕಾದ ಮನುಷ್ಯನಾಗಿಯೇ ಎದ್ದ. ಯೇಸುವಿನ ವಿಷಯದಲ್ಲಿ ಹೇಳುತ್ತಿರುವುದು ಬೇರೆ. ಸಾವಿನೊಳಕ್ಕೆ ಹೋಗಿ ಅದರ ಆಚೆ ಕಡೆಯಿಂದ ಹೊರಬಂದ, ಇನ್ನು ಅವನಿಗೆ ಸಾವಿಲ್ಲ ಅಂತ. ಹೋದ ದಾರಿಯಲ್ಲೇ ಹಿಂದಕ್ಕೆ ಬಂದದ್ದಲ್ಲ.

ಇದಕ್ಕೆ ಸಾಕ್ಷಿ ಏನು? ನಮಗಿರುವ ಅತ್ಯಂತ ಹಳೆಯ ಬರಹ ಶುಭಸಂದೇಶವಲ್ಲ, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ಯೇಸು ಸತ್ತು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಬರೆದದ್ದು. ಅದರಲ್ಲಿ ಪೌಲ ಒಂದು ಪಟ್ಟಿ ಕೊಡುತ್ತಾನೆ. ಪೇತ್ರ ಕಂಡ, ಹನ್ನೆರಡು ಮಂದಿ ಕಂಡರು, ಐನೂರಕ್ಕೂ ಹೆಚ್ಚು ಜನ ಒಟ್ಟಿಗೇ ಕಂಡರು, ಅವರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ, ಕೊನೆಗೆ ನಾನೂ ಕಂಡೆ ಅಂತ. ಸಾಕ್ಷಿಗಳು ಬದುಕಿದ್ದಾರೆ ಅಂದರೆ ಬೇಕಾದರೆ ಹೋಗಿ ಕೇಳಿ ಅಂತಲೇ ಅರ್ಥ.

ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ. ಆದರೆ ನಾಲ್ಕೂ ಶುಭಸಂದೇಶಗಳಲ್ಲಿ ಸಮಾಧಿಗೆ ಮೊದಲು ಹೋದವರು ಹೆಣ್ಣುಮಕ್ಕಳೇ. ಆ ಕಾಲದ ಯೆಹೂದಿ ಸಮಾಜದಲ್ಲಿ ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಅಂತ ಒಂದನೇ ಶತಮಾನದ ಇತಿಹಾಸಕಾರ ಜೋಸೀಫಸ್ ನೇರವಾಗಿಯೇ ಬರೆದಿದ್ದಾನೆ. ಕಥೆ ಕಟ್ಟುವವರಾಗಿದ್ದರೆ ಯಾರೂ ನಂಬದ ಸಾಕ್ಷಿಗಳನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರೇ? ಲೂಕನಂತೂ ಮುಚ್ಚುಮರೆ ಇಲ್ಲದೆ, ಶಿಷ್ಯರಿಗೆ ಆ ಹೆಂಗಸರ ಮಾತು ಹುಚ್ಚುಮಾತಿನಂತೆ ಕಂಡಿತು ಅಂತ ಬರೆದುಬಿಟ್ಟಿದ್ದಾನೆ.

ಅವರಲ್ಲಿ ಮೊದಲಿಗಳು ಮಗ್ದಲದ ಮರಿಯಳು. ಇವಳಿಗೆ ನಮ್ಮ ಸಭೆ ಮಾಡಿದ ಅನ್ಯಾಯ ದೊಡ್ಡದು. 591ರ ಸುಮಾರಿಗೆ ಪೋಪ್ ಮೊದಲನೇ ಗ್ರೆಗೊರಿ ಒಂದು ಪ್ರಸಂಗದಲ್ಲಿ ಇವಳನ್ನೂ ಲೂಕನ ಶುಭಸಂದೇಶದ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಂದೇ ಮಾಡಿಬಿಟ್ಟರು. ಅಲ್ಲಿಂದ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಚಿತ್ರಗಳಲ್ಲಿ, ನಾಟಕಗಳಲ್ಲಿ, ಸಿನಿಮಾಗಳಲ್ಲಿ ಇವಳು ಕೂದಲು ಬಿಚ್ಚಿಕೊಂಡು ಅಳುವ ವೇಶ್ಯೆ. ಬೈಬಲ್ಲಿನಲ್ಲಿ ಎಲ್ಲೂ ಹಾಗಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಜುಲೈ 22ರ ಅವಳ ಸ್ಮರಣೆಗೆ ಪ್ರೇಷಿತರ ಹಬ್ಬಗಳ ದರ್ಜೆ ಸಿಕ್ಕಿತು. ತಡವಾಗಿಯಾದರೂ ಸರಿ. ಅದೇ ಫ್ರಾನ್ಸಿಸ್ 2025ರ ಈಸ್ಟರಿನ ಮಾರನೇ ದಿನ ತೀರಿಕೊಂಡರು.

ಈಗ ನನ್ನ ತಕರಾರಿಗೆ ಬರುತ್ತೇನೆ.

ಈ ಮರಿಯಳು ಸಮಾಧಿಯ ಹತ್ತಿರ ಏನು ಮಾಡುತ್ತಿದ್ದಳು? ಅಳುತ್ತಿದ್ದಳು. ಯೊವಾನ್ನ ಇದನ್ನು ಒಂದು ಸಲ ಅಲ್ಲ, ಮತ್ತೆ ಮತ್ತೆ ಹೇಳುತ್ತಾನೆ. ಕಣ್ಣು ಎಷ್ಟು ಮಂಜಾಗಿತ್ತು ಅಂದರೆ ಎದುರಿಗೆ ನಿಂತವನನ್ನು ತೋಟದ ಮಾಲಿ ಅಂದುಕೊಂಡಳು. ಎದ್ದು ಬಂದ ಯೇಸು ಅವಳ ಅಳುವನ್ನು ಬೈಯಲಿಲ್ಲ. ಯಾಕೆ ಅಳುತ್ತೀಯೆ, ಯಾರನ್ನು ಹುಡುಕುತ್ತಿದ್ದೀಯೆ ಅಂತ ವಿಚಾರಿಸಿದ, ಆಮೇಲೆ ಹೆಸರು ಹಿಡಿದು ಕರೆದ. ಹೆಸರು ಕೇಳಿದ ಮೇಲೇ ಅವಳಿಗೆ ಗುರುತು ಸಿಕ್ಕಿದ್ದು.

ನಮ್ಮಲ್ಲಿ ಏನು ನಡೆಯುತ್ತೆ? 2021ರ ಈಸ್ಟರ್ ಏಪ್ರಿಲ್ 4ಕ್ಕೆ ಇತ್ತು. ಅದಾದ ಒಂದು ತಿಂಗಳಿಗೆ, ಕೊರೋನಾ ಎರಡನೇ ಅಲೆಯಲ್ಲಿ, ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಹೋದರು. ಆಸ್ಪತ್ರೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೇರ ಸ್ಮಶಾನಕ್ಕೆ ತಂದರು. ಮುಖ ತೋರಿಸಲಿಲ್ಲ. ಚಿಕ್ಕಪ್ಪ ಐದಾರು ಮಾರು ದೂರದಲ್ಲಿ ನಿಂತಿದ್ದರು, ಮಣ್ಣು ಹಾಕೋಕೂ ಆಗಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದವರು. ಆ ವಾರವೇ ಫೋನಿನಲ್ಲಿ ಸಮಾಧಾನ ಹೇಳಿದ ಧರ್ಮಬೋಧಕರೊಬ್ಬರು ಅವರಿಗೆ ಹೇಳಿದ್ದು, ಇದು ಪಾಸ್ಖ ಕಾಲ, ನಾವು ಪುನರುತ್ಥಾನವನ್ನು ನಂಬುವ ಜನ, ಅತ್ತರೆ ನಂಬಿಕೆ ಕಡಿಮೆ ಇದೆ ಅಂತಾಗುತ್ತೆ, ಸಂತೋಷವಾಗಿರಿ. ಚಿಕ್ಕಪ್ಪ ‘ಆಯ್ತು ಸ್ವಾಮಿ’ ಅಂದರು. ಆಮೇಲೆ ಆರು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ.

ಹೇಳಿದವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಮಾತು ತಪ್ಪು, ಬರೀ ಒರಟು ಅಂತಲ್ಲ, ಬೈಬಲ್ಲಿನ ಪ್ರಕಾರವೇ ತಪ್ಪು. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತ. ಐದು ನಿಮಿಷದಲ್ಲಿ ಬದುಕಲಿರುವ ಗೆಳೆಯನಿಗಾಗಿ ಅಳುವುದು ನಂಬಿಕೆಯ ಕೊರತೆಯೇ? ಹಾಗಾದರೆ ಯೇಸುವಿಗೇ ನಂಬಿಕೆ ಇರಲಿಲ್ಲ ಅನ್ನಬೇಕಾಗುತ್ತೆ.

ನಮ್ಮ ಪ್ರಸಂಗಗಳು ಈಸ್ಟರನ್ನು ಕ್ರಿಕೆಟ್ ಮ್ಯಾಚಿನ ಗೆಲುವಿನಂತೆ ಹೇಳುತ್ತವೆ. ಸಾವು ಸೋತಿತು, ನಾವು ಗೆದ್ದೆವು, ಮುಗೀತು. ಇಂಥ ಗೆಲುವಿನಲ್ಲಿ ಶುಕ್ರವಾರ ನಡೆದದ್ದೆಲ್ಲ ಒಂದು ಕೆಟ್ಟ ಕನಸಾಗಿಬಿಡುತ್ತೆ. ಆದರೆ ಶುಭಸಂದೇಶ ಹೇಳುವುದು ಹಾಗಲ್ಲ. ಎದ್ದು ಬಂದ ಯೇಸುವಿನ ಮೈಮೇಲೆ ಗಾಯ ಹಾಗೇ ಇತ್ತು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಸಾವನ್ನೇ ಗೆದ್ದು ಬಂದವನಿಗೆ ಮೊಳೆಯ ತೂತು ಮುಚ್ಚಿಕೊಳ್ಳುವುದು ಯಾವ ಲೆಕ್ಕ? ಆದರೂ ಮುಚ್ಚಿಕೊಂಡು ಬರಲಿಲ್ಲ. ತೋಮನ ಕಥೆ ಎಲ್ಲರಿಗೂ ಗೊತ್ತು, ಗಾಯದಲ್ಲಿ ಬೆರಳಿಡದ ಹೊರತು ನಂಬುವುದಿಲ್ಲ ಅಂದವನು. ದಕ್ಷಿಣ ಭಾರತಕ್ಕೆ ಬಂದು ಮೈಲಾಪುರದಲ್ಲಿ ಪ್ರಾಣ ಬಿಟ್ಟ ಅಂತ ಪರಂಪರೆ ಹೇಳುವುದು ಇವನ ಬಗ್ಗೆಯೇ. ಚಿತ್ರಕಾರರೆಲ್ಲ ಅವನು ಬೆರಳಿಟ್ಟಂತೆ ಬರೆದರು. ಯೊವಾನ್ನ ಹಾಗೆ ಬರೆದಿಲ್ಲ. ಯೇಸು ಕೈ ಚಾಚಿದ, ತೋಮ ನೋಡಿದ, ಅಷ್ಟಕ್ಕೇ ಶರಣಾದ. ತೋಮನನ್ನು ಸಂದೇಹದ ಮನುಷ್ಯ ಅಂತ ಹಂಗಿಸುತ್ತೇವೆ. ನನಗನ್ನಿಸುವುದು, ಅವನು ಸರಿಯಾದ ಪ್ರಶ್ನೆಯನ್ನೇ ಕೇಳಿದ. ಗಾಯ ಇಲ್ಲದ ಯೇಸು ಬಂದು ನಿಂತಿದ್ದರೆ ಅವನು ನಮ್ಮ ಯೇಸು ಅಲ್ಲ ಅಂತ ತೋಮನಿಗೆ ಗೊತ್ತಿತ್ತು.

ಈ ಸಂಗತಿಯನ್ನು ಪ್ರಸಂಗ ಮರೆತರೂ ಪೂಜಾವಿಧಿ ಮರೆತಿಲ್ಲ. ಶನಿವಾರ ರಾತ್ರಿಯ ಜಾಗರಣೆಯಲ್ಲಿ ಚರ್ಚಿನ ದೀಪವೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿ ಹಚ್ಚುತ್ತಾರೆ. ಆ ಬತ್ತಿಯ ಮೇಲೆ ಶಿಲುಬೆಯ ಗುರುತು, ಆ ವರ್ಷದ ನಾಲ್ಕು ಅಂಕಿ, ಮತ್ತೆ ಐದು ಸಾಂಬ್ರಾಣಿ ಕಾಳು ಚುಚ್ಚಿರುತ್ತಾರೆ. ಆ ಐದೂ ಯೇಸುವಿನ ಐದು ಗಾಯ. ಕತ್ತಲಲ್ಲಿ ಒಳಗೆ ಬರುವ ಮೊದಲ ಬೆಳಕೇ ಗಾಯ ಹೊತ್ತ ಬೆಳಕು. ಮುಂದಿನ ಸಲ ಹೋದಾಗ ನೋಡಿ.

ಬುದ್ಧನ ಸಾಸಿವೆ ಕಾಳಿನ ಕಥೆಯನ್ನು ಇದರ ಎದುರಿಗಿಟ್ಟು ಮಾತಾಡುವ ಗೆಳೆಯರಿದ್ದಾರೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೌತಮಿಗೆ ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಬುದ್ಧ ಸತ್ಯ ಹೇಳಿದ, ಸತ್ತವರನ್ನು ಎಬ್ಬಿಸುವ ಯೇಸು ಸುಳ್ಳು ಆಸೆ ಹುಟ್ಟಿಸಿದ ಅಂತ ಅವರ ವಾದ. ಬುದ್ಧನ ಕಥೆ ನನಗೂ ಇಷ್ಟ. ಮನೆ ಮನೆ ಬಾಗಿಲಲ್ಲಿ ನಿಂತ ಆ ತಾಯಿ ತನ್ನ ದುಃಖದಲ್ಲಿ ತಾನೊಬ್ಬಳೇ ಅಲ್ಲ ಅಂತ ಕಂಡುಕೊಂಡಳಲ್ಲ, ಅದು ದೊಡ್ಡದು. ಆದರೆ ಪುನರುತ್ಥಾನ ಸಾವನ್ನು ಇಲ್ಲ ಅನ್ನುವುದಿಲ್ಲ. ಯೇಸು ನಿಜವಾಗಿ ಸತ್ತ, ಹೂಳಿದರು, ಶನಿವಾರ ಇಡೀ ದಿನ ಏನೂ ಆಗಲಿಲ್ಲ. ಆ ಶನಿವಾರ ಹಗಲು ನಮ್ಮ ಚರ್ಚುಗಳಲ್ಲಿ ಪೂಜೆಯೇ ಇರುವುದಿಲ್ಲ, ಪೀಠದ ಬಟ್ಟೆ ಕೂಡ ತೆಗೆದಿರುತ್ತಾರೆ. ಸಾವು ಎಲ್ಲರ ಮನೆಯದೂ ಹೌದು ಅಂತ ಬುದ್ಧ ಹೇಳಿದ. ಹೌದು, ಆದರೆ ಅದೇ ಕೊನೇ ಮಾತಲ್ಲ ಅಂತ ಈಸ್ಟರ್ ಹೇಳುತ್ತೆ. ಮೊದಲ ಮಾತನ್ನು ಒಪ್ಪದವನಿಗೆ ಎರಡನೆಯದು ಹೇಳುವ ಹಕ್ಕಿಲ್ಲ. ನಮ್ಮ ಪ್ರಸಂಗಗಳಿಗೆ ಇಲ್ಲದಿರುವುದು ಆ ಮೊದಲ ಮಾತು.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಶ್ರೀಲಂಕಾ. ಕೊಲಂಬೊ, ನೆಗೊಂಬೊ, ಬಟ್ಟಿಕಲೋವಾದ ಮೂರು ಚರ್ಚುಗಳಲ್ಲಿ ಮತ್ತು ದೊಡ್ಡ ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಚುನಾವಣೆ ಕೆಲಸ ಮುಗಿಸಿ ಪ್ರವಾಸಕ್ಕೆ ಹೋಗಿದ್ದ ನಮ್ಮ ಕರ್ನಾಟಕದ ಪಕ್ಷದ ಕಾರ್ಯಕರ್ತರೂ ಹೋಟೆಲಿನಲ್ಲಿ ಸತ್ತರು. ನೆಗೊಂಬೊದ ಸಂತ ಸೆಬಾಸ್ಟಿಯನ್ ಚರ್ಚಿನಲ್ಲಿ ಹಬ್ಬಕ್ಕೆಂದು ಇಟ್ಟಿದ್ದ ಪುನರುತ್ಥಾನ ಯೇಸುವಿನ ಪ್ರತಿಮೆಯ ಮೇಲೆಲ್ಲ ರಕ್ತದ ಕಲೆ. ಆ ಫೋಟೋ ನೀವೂ ನೋಡಿರುತ್ತೀರಿ. ಅವತ್ತು ಆ ಊರಿನ ತಾಯಂದಿರಿಗೆ ‘ಇದು ಗೆಲುವಿನ ಹಬ್ಬ, ಅಳಬೇಡಿ’ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಆದರೆ ಆ ಪ್ರತಿಮೆ ಸುಳ್ಳು ಹೇಳುತ್ತಿರಲಿಲ್ಲ. ಗಾಯವಿದ್ದೇ ಎದ್ದವನ ಮೈಮೇಲೆ ಇವರ ರಕ್ತವೂ ಸೇರಿತ್ತು. ಈಸ್ಟರಿಗೆ ಅರ್ಥ ಇದ್ದರೆ ಅಲ್ಲಿ ಇರಬೇಕು. ಅಲ್ಲಿ ಇಲ್ಲದ ಅರ್ಥ ನಮ್ಮ ಹೂವಿನ ಅಲಂಕಾರದಲ್ಲಿ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಯೇಸು ಕಾಯಿಲೆಯಿಂದ ಸಾಯಲಿಲ್ಲ. ರೋಮ್ ಸರ್ಕಾರದ ಅಧಿಕಾರಿ ಪಿಲಾತ ಕಾನೂನು ಪ್ರಕಾರ ಮರಣದಂಡನೆ ಕೊಟ್ಟು ಕೊಲ್ಲಿಸಿದ. ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಇದ್ದ ಶಿಕ್ಷೆ. ಅಂಥವನನ್ನು ದೇವರು ಎಬ್ಬಿಸಿದ ಅಂದರೆ ಆ ತೀರ್ಪನ್ನು ಮೇಲಿನ ಕೋರ್ಟು ರದ್ದು ಮಾಡಿತು ಅಂತ. ಹಾಗಾಗಿ ಈಸ್ಟರ್ ನಂಬುವವನು, ಸರ್ಕಾರ ಅಪರಾಧಿ ಅಂದಾಕ್ಷಣ ಒಬ್ಬನನ್ನು ಕೈಬಿಡುವ ಹಾಗಿಲ್ಲ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಕೆಲಸ ಮಾಡಿದರು. 2020ರ ಅಕ್ಟೋಬರಿನಲ್ಲಿ ಬಂಧನ, 2021ರ ಜುಲೈ 5ಕ್ಕೆ ಸಾವು, ಆಗ ಅವರಿಗೆ 84 ವರ್ಷ, ಪಾರ್ಕಿನ್ಸನ್ ಕಾಯಿಲೆ. ಆರೋಪಗಳನ್ನು ಅವರು ನಿರಾಕರಿಸಿದ್ದರು, ಮೊಕದ್ದಮೆಯ ವಿಚಾರಣೆ ಶುರುವೇ ಆಗಿರಲಿಲ್ಲ, ಜಾಮೀನು ಅರ್ಜಿ ಹೈಕೋರ್ಟಿನಲ್ಲಿತ್ತು. ಅವರ ಬಗ್ಗೆ ನಿಮ್ಮ ಅಭಿಪ್ರಾಯ ಬೇರೆ ಇರಬಹುದು. ಆದರೆ ಆಗ ‘ನಮಗ್ಯಾಕೆ ಬೇಕು ರಾಜಕೀಯ’ ಅಂತ ಸುಮ್ಮನಿದ್ದ ಕ್ರೈಸ್ತರಿಗೆ ನನ್ನದೊಂದು ಪ್ರಶ್ನೆ ಇದೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಶಿಷ್ಯರು ಓಡಿಹೋದದ್ದೂ ಇದೇ ಮಾತು ಹೇಳಿಕೊಂಡಲ್ಲವೇ?

ಓಡಿಹೋದವರನ್ನು ಯೇಸು ಏನು ಮಾಡಿದ? ನನಗೆ ಇಡೀ ಬೈಬಲ್ಲಿನಲ್ಲಿ ತುಂಬಾ ಇಷ್ಟವಾದ ಭಾಗ ಇದು, ಯೊವಾನ್ನನ ಕೊನೇ ಅಧ್ಯಾಯ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ಬರುತ್ತಿದ್ದ ಪೇತ್ರ ಮತ್ತು ಗೆಳೆಯರಿಗೆ ದಡದಲ್ಲಿ ಕೆಂಡದ ಬೆಂಕಿ ಕಾಣುತ್ತೆ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಸಾವು ಗೆದ್ದು ಬಂದ ದೇವಪುತ್ರ ಬೆಳಗಿನ ತಿಂಡಿ ಮಾಡುತ್ತಿದ್ದಾನೆ! ‘ಕೆಂಡದ ಬೆಂಕಿ’ಗೆ ಮೂಲ ಗ್ರೀಕಿನಲ್ಲಿರುವ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು ಇಲ್ಲಿ. ಇನ್ನೊಂದು, ಪೇತ್ರ ಚಳಿ ಕಾಯಿಸುತ್ತಾ ಯೇಸುವನ್ನು ಅರಿಯೆ ಅಂತ ಮೂರು ಸಲ ಹೇಳಿದ ಅಂಗಳದಲ್ಲಿ. ಅದೇ ಬೆಂಕಿಯ ಮುಂದೆ ಕೂರಿಸಿ, ಹೊಟ್ಟೆಗೆ ಹಾಕಿ, ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ. ಆದದ್ದನ್ನು ಆಗಲೇ ಇಲ್ಲ ಅನ್ನಲಿಲ್ಲ, ಅಲ್ಲಿಗೇ ಬಿಡಲೂ ಇಲ್ಲ. ಪೇತ್ರನ ಗಾಯಕ್ಕೂ ಪುನರುತ್ಥಾನ ಹೀಗೇ ಆಯಿತು.

ಇದೆಲ್ಲ ನಿಜವಾಗಿ ನಡೆಯಿತೇ ಅಂತ ಕೇಳುತ್ತೀರಿ. ನಾನು ನಂಬುತ್ತೇನೆ. ಗಣಿತದ ಹಾಗೆ ಸಾಬೀತು ಮಾಡಲು ನನ್ನಿಂದ ಆಗದು, ಯಾರಿಂದಲೂ ಆಗಿಲ್ಲ. ಮಾರ್ಕನ ಶುಭಸಂದೇಶದ ನಾಲ್ಕನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳು 16ನೇ ಅಧ್ಯಾಯದ 8ನೇ ವಾಕ್ಯಕ್ಕೇ ನಿಂತುಬಿಡುತ್ತವೆ. ಹೆಂಗಸರು ಹೆದರಿ ಸಮಾಧಿಯಿಂದ ಓಡಿದರು, ಯಾರಿಗೂ ಏನೂ ಹೇಳಲಿಲ್ಲ, ಅಲ್ಲಿಗೆ ಮುಗೀತು. ಜಯಘೋಷ ಇಲ್ಲ, ಹಾಡಿಲ್ಲ. ಆ ಹೆದರಿಕೆಯೇ ನನಗೆ ಜಾಸ್ತಿ ನಂಬಿಕೆ ಹುಟ್ಟಿಸುತ್ತೆ. ನಿಜವಾಗಿ ದೊಡ್ಡದು ನಡೆದಾಗ ಜನ ಚಪ್ಪಾಳೆ ತಟ್ಟುವುದಿಲ್ಲ, ಗಾಬರಿಯಾಗುತ್ತಾರೆ.

ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ 1732ರ ಈಸ್ಟರಿನ ನಸುಕಿನಲ್ಲಿ ಮೊರಾವಿಯನ್ ಸಭೆಯ ಯುವಕರು ಊರ ಸ್ಮಶಾನಕ್ಕೆ ಹೋಗಿ ಸೂರ್ಯ ಹುಟ್ಟುವವರೆಗೆ ಹಾಡಿ ಪ್ರಾರ್ಥಿಸಿದರಂತೆ. ಆ ಪದ್ಧತಿ ಲೋಕದ ಹಲವು ಕಡೆ ಹಬ್ಬಿದೆ. ಹಬ್ಬದ ಜಾಗ ಅದೇ ಸರಿ ಅಂತ ನನಗನ್ನಿಸುತ್ತೆ. ಸತ್ತವರನ್ನು ಮರೆತು ಮಾಡುವ ಈಸ್ಟರಿಗಿಂತ ಅವರ ಗೋರಿಯ ಪಕ್ಕ ನಿಂತು ಮಾಡುವ ಈಸ್ಟರ್ ದೊಡ್ಡದು.

ನನ್ನ ಬೇಡಿಕೆ ಇಷ್ಟೇ. ನಿಮ್ಮ ಧರ್ಮ ಯಾವುದೇ ಇರಲಿ, ಸಾವಿನ ಮನೆಗೆ ಹೋದಾಗ ಅಳಬೇಡಿ ಅನ್ನಬೇಡಿ. ದೇವರ ಇಷ್ಟ, ಕರ್ಮ, ಸ್ವರ್ಗ ಅಂತ ಬಾಗಿಲಲ್ಲೇ ಉತ್ತರ ಕೊಡಬೇಡಿ. ಹೋದವರ ಹೆಸರು ಹೇಳಿ, ಅವರ ಬಗ್ಗೆ ಕೇಳಿ, ಆಗುವುದಾದರೆ ಒಂದು ಹೊತ್ತಿನ ಊಟ ಮಾಡಿಕೊಂಡು ಹೋಗಿ. ಎದ್ದು ಬಂದ ಯೇಸು ಮಾಡಿದ್ದು ಈ ಮೂರೇ: ಹೆಸರು ಹಿಡಿದು ಕರೆದ, ಗಾಯ ತೋರಿಸಿದ, ತಿನ್ನಲು ಕೊಟ್ಟ. ಒಪ್ಪುತ್ತೀರೋ ಇಲ್ಲವೋ, ನಿಮಗನ್ನಿಸಿದ್ದನ್ನು ಬರೆಯಿರಿ. ಜಗಳವಾದರೂ ಪರವಾಗಿಲ್ಲ.